ಪಶುವೈದ್ಯಕೀಯ ಸಂಶೋಧನೆಯನ್ನು ಓದುವುದು ಹೇಗೆ? ಅಧ್ಯಯನದ ಬಗೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಶುವೈದ್ಯರು, ವಿದ್ಯಾರ್ಥಿಗಳು, ಪ್ರಾಣಿ ಸಾಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ. ಮೇಲಿನವು ಸುಲಭ, ಕೆಳಗಿಳಿದಂತೆ ಲೆಕ್ಕ ಹೆಚ್ಚುತ್ತದೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲು ತಿಳಿಯಬೇಕಾದದ್ದು

ಇಪ್ಪತ್ತು ವರ್ಷದಿಂದ ಇದೇ ಔಷಧ ಕೊಡುತ್ತಿದ್ದೇನೆ, ಗುಣ ಆಗುತ್ತಿದೆ. ಇದಕ್ಕಿಂತ ಪುರಾವೆ ಏನು ಬೇಕು?

ರೋಗ ಗುರುತಿಸಲು, ಎದುರಿಗಿರುವ ಪ್ರಾಣಿಯ ಸ್ಥಿತಿ ಅಳೆಯಲು ಅನುಭವಕ್ಕೆ ಸಾಟಿಯಿಲ್ಲ. ಔಷಧದಿಂದಲೇ ಗುಣವಾಯಿತೇ ಎಂದು ತೀರ್ಮಾನಿಸುವಾಗ ಮಾತ್ರ ಅದು ದಾರಿ ತಪ್ಪಿಸುತ್ತದೆ. ಅನೇಕ ರೋಗಗಳು ತಾವಾಗಿಯೇ ವಾಸಿಯಾಗುತ್ತವೆ. ತುರಿಕೆ, ಕೀಲುನೋವಿನಂಥವು ಏರಿ ಇಳಿಯುತ್ತವೆ, ಜನ ಚಿಕಿತ್ಸಾಲಯಕ್ಕೆ ಬರುವುದು ನೋವು ತೀರಾ ಏರಿದಾಗ. ಆಮೇಲೆ ಏನು ಕೊಟ್ಟರೂ, ಕೊಡದಿದ್ದರೂ ಅದು ಇಳಿಯುವ ಸಾಧ್ಯತೆಯೇ ಹೆಚ್ಚು. ಗುಣವಾಗದ ಪ್ರಾಣಿಯ ಒಡೆಯರು ಬೇರೆ ವೈದ್ಯರ ಹತ್ತಿರ ಹೋಗಿಬಿಡುತ್ತಾರೆ, ಹಾಗಾಗಿ ಆ ಸೋಲು ನಮ್ಮ ಲೆಕ್ಕಕ್ಕೇ ಬರುವುದಿಲ್ಲ.

ನೋಡುವ ಕಣ್ಣೂ ಮೋಸ ಹೋಗುತ್ತದೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೀಲು ಸವೆದು ಕುಂಟುತ್ತಿದ್ದ 58 ನಾಯಿಗಳಿಗೆ ಬರೀ ಪ್ಲಸೀಬೊ, ಅಂದರೆ ಔಷಧವಿಲ್ಲದ ಮಾತ್ರೆ, ಕೊಡಲಾಗಿತ್ತು. ಕಾಲಿನ ಮೇಲೆ ಬೀಳುವ ಭಾರವನ್ನು ಅಳೆಯುವ ಫೋರ್ಸ್ ಪ್ಲೇಟ್ ಯಾವ ಸುಧಾರಣೆಯನ್ನೂ ತೋರಿಸದಿದ್ದಾಗಲೂ ಒಡೆಯರು ಅರ್ಧಕ್ಕಿಂತ ಹೆಚ್ಚು ಸಲ "ವಾಸಿ" ಎಂದರು. ಪಶುವೈದ್ಯರೂ ಹೀಗೇ ತಪ್ಪಿದರು, ಒಡೆಯರಿಗಿಂತ ಸ್ವಲ್ಪ ಕಡಿಮೆ, ಅಷ್ಟೇ. ಪ್ರಾಣಿಗೆ ಪ್ಲಸೀಬೊ ನಾಟುವುದಿಲ್ಲ ಎಂಬ ವಾದವನ್ನು ಆಗಾಗ ಕೇಳುತ್ತೇವೆ. ಪ್ರಾಣಿಯ ವಿಷಯ ಹೇಗೇ ಇರಲಿ, ವರದಿ ಕೊಡುವ ಮನುಷ್ಯನಿಗಂತೂ ನಾಟುತ್ತದೆ.

ಅಧ್ಯಯನದ ಬಗೆಗಳ ಹೆಸರು ಕೇಳಿದರೇ ತಲೆ ತಿರುಗುತ್ತದೆ. ಸುಲಭವಾಗಿ ಗುರುತಿಸುವುದು ಹೇಗೆ?

ಹೆಸರು ಬಾಯಿಪಾಠ ಮಾಡಬೇಕಿಲ್ಲ. ಯಾವ ಪ್ರಾಣಿಗೆ ಯಾವ ಚಿಕಿತ್ಸೆ ಎಂದು ಸಂಶೋಧಕರೇ ನಿರ್ಧರಿಸಿದರೇ ಎಂದು ಮೊದಲು ನೋಡಿ. ನಿರ್ಧರಿಸಿದ್ದರೆ ಅದು ಪ್ರಯೋಗ. ನಡೆದದ್ದನ್ನು ನೋಡಿ ಬರೆದುಕೊಂಡಿದ್ದರೆ ಅದು ವೀಕ್ಷಣಾ ಅಧ್ಯಯನ.

ವೀಕ್ಷಣೆಯಾದರೆ, ಹೋಲಿಕೆಗೆ ಇನ್ನೊಂದು ಗುಂಪು ಇದೆಯೇ ನೋಡಿ. ಇಲ್ಲದಿದ್ದರೆ ಅದು ಪ್ರಕರಣ ವರದಿ ಅಥವಾ ಪ್ರಕರಣ ಸರಣಿ. ಇದ್ದರೆ, ನೋಟ ಯಾವ ದಿಕ್ಕಿಗೆ ಎಂಬುದು ಮುಖ್ಯ. ರೋಗವನ್ನೂ ಕಾರಣವನ್ನೂ ಒಂದೇ ಹೊತ್ತಿನಲ್ಲಿ ಅಳೆದರೆ ಕ್ರಾಸ್-ಸೆಕ್ಷನಲ್. ರೋಗದಿಂದ ಹಿಂದಕ್ಕೆ ಹೋಗಿ ಕಾರಣ ಹುಡುಕಿದರೆ ಕೇಸ್-ಕಂಟ್ರೋಲ್. ಕಾರಣದಿಂದ ಮುಂದಕ್ಕೆ ಹೋಗಿ ರೋಗ ಬರುವುದನ್ನು ಎಣಿಸಿದರೆ ಕೋಹಾರ್ಟ್. ಇಂಥ ಅನೇಕ ಅಧ್ಯಯನಗಳನ್ನು ನಿಯಮಬದ್ಧವಾಗಿ ಒಟ್ಟುಗೂಡಿಸಿದರೆ ವ್ಯವಸ್ಥಿತ ವಿಮರ್ಶೆ.

"ರೆಟ್ರೋಸ್ಪೆಕ್ಟಿವ್" ಎಂಬುದು ಒಂದು ಬಗೆಯಲ್ಲ. ಹಳೆಯ ಕಡತಗಳನ್ನು ಬಳಸಿದ್ದಾರೆ ಎಂದಷ್ಟೇ ಅದರ ಅರ್ಥ. ಹಳೆಯ ಕಡತಗಳಿಂದ ಕೋಹಾರ್ಟನ್ನೂ ಕಟ್ಟಬಹುದು, ಕೇಸ್-ಕಂಟ್ರೋಲನ್ನೂ ಕಟ್ಟಬಹುದು.

ಪುರಾವೆಯ ಪಿರಮಿಡ್ಡಿನಲ್ಲಿ ತುದಿಯಲ್ಲಿರುವುದನ್ನು ಮಾತ್ರ ನಂಬಿದರೆ ಸಾಕಲ್ಲವೇ?

ಸಾಲದು. ಪ್ರಕರಣ ವರದಿಯನ್ನು ಕೆಳಗೆ, ವ್ಯವಸ್ಥಿತ ವಿಮರ್ಶೆಯನ್ನು ತುದಿಯಲ್ಲಿ ಇಟ್ಟು ಅಧ್ಯಯನಗಳನ್ನು ಮೇಲುಕೀಳಾಗಿ ಜೋಡಿಸುವ ಆ ಪಿರಮಿಡ್ ಮುಖ್ಯವಾಗಿ "ಈ ಚಿಕಿತ್ಸೆ ಫಲ ಕೊಡುತ್ತದೆಯೇ" ಎಂಬ ಪ್ರಶ್ನೆಗೆ ಕಟ್ಟಿದ್ದು. "ಈ ರೋಗ ಬಂದ ನಾಯಿ ಎಷ್ಟು ಕಾಲ ಬದುಕೀತು" ಎನ್ನುವುದಕ್ಕೆ ಕೋಹಾರ್ಟ್ ಬೇಕು. "ಎಷ್ಟು ಹಸುಗಳಲ್ಲಿ ಕೆಚ್ಚಲು ಬಾವು ಇದೆ" ಎನ್ನುವುದಕ್ಕೆ ಕ್ರಾಸ್-ಸೆಕ್ಷನಲ್ ಸಾಕು. ಹತ್ತು ಸಾವಿರಕ್ಕೆ ಒಂದು ಪ್ರಾಣಿಯಲ್ಲಿ ಕಾಣುವ ಅಡ್ಡಪರಿಣಾಮವನ್ನು ಕೆಲವು ನೂರು ಪ್ರಾಣಿಗಳ ಪ್ರಯೋಗ ಹಿಡಿಯಲಾರದು, ಅದಕ್ಕೆ ಕೇಸ್-ಕಂಟ್ರೋಲೇ ಆಗಬೇಕು. ಒಂದು ಅಧ್ಯಯನದ ಬೆಲೆ ಗೊತ್ತಾಗುವುದು ಪ್ರಶ್ನೆಗೆ ಅದು ಹೊಂದುತ್ತದೆಯೇ, ಎಷ್ಟು ಜಾಗ್ರತೆಯಿಂದ ನಡೆದಿದೆ ಎಂಬುದರಿಂದ. ಕೆಟ್ಟದಾಗಿ ನಡೆದ ಪ್ರಯೋಗಕ್ಕಿಂತ ಚೆನ್ನಾಗಿ ನಡೆದ ಕೋಹಾರ್ಟ್ ಮೇಲು.

ನನ್ನ ಕೇಸಿಗೆ ಸರಿಹೊಂದುವ ಅಧ್ಯಯನ ಹುಡುಕುವುದು ಹೇಗೆ? ಗೂಗಲ್ ಮಾಡಿದರೆ ಸಾವಿರ ಬರುತ್ತವೆ.

ಮೊದಲು ಪ್ರಶ್ನೆಯನ್ನು ಒಡೆಯಿರಿ. "ಬೆಕ್ಕಿನ ಕಿಡ್ನಿಗೆ ಯಾವ ಆಹಾರ ಒಳ್ಳೆಯದು" ಎಂಬುದು ಹುಡುಕುವ ಪ್ರಶ್ನೆಯಲ್ಲ. "ದೀರ್ಘಕಾಲದ ಮೂತ್ರಪಿಂಡ ರೋಗವಿರುವ ಬೆಕ್ಕುಗಳಲ್ಲಿ, ಮಾಮೂಲಿ ಆಹಾರಕ್ಕೆ ಹೋಲಿಸಿದರೆ, ರಂಜಕ ಕಡಿಮೆ ಇರುವ ಆಹಾರ ಆಯುಸ್ಸು ಹೆಚ್ಚಿಸುತ್ತದೆಯೇ" ಎಂಬುದು ಹುಡುಕುವ ಪ್ರಶ್ನೆ. ಯಾವ ಪ್ರಾಣಿ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಯಾವ ಫಲಿತಾಂಶ ಎಂಬ ಈ ನಾಲ್ಕು ಭಾಗಗಳಿಗೆ ಪಿಕೊ ಎನ್ನುತ್ತಾರೆ. ಪ್ರತಿ ಭಾಗಕ್ಕೂ ಎರಡು ಮೂರು ಪರ್ಯಾಯ ಪದ ಬರೆದುಕೊಂಡು ಹುಡುಕಿ.

ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಪಬ್‌ಮೆಡ್ ಎಂಬ ಕೋಶ ಉಚಿತ, ಆದರೆ ಪಶುವೈದ್ಯಕೀಯ ಪತ್ರಿಕೆಗಳೆಲ್ಲ ಅದರಲ್ಲಿ ಇಲ್ಲ. ಕ್ಯಾಬ್ ಆಬ್‌ಸ್ಟ್ರಾಕ್ಟ್ಸ್ ಎಂಬ ಕೋಶದ ವ್ಯಾಪ್ತಿ ಇದಕ್ಕಿಂತ ದೊಡ್ಡದು, ಗ್ರಂಥಾಲಯದ ಮೂಲಕ ಸಿಗುತ್ತದೆ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕೇಂದ್ರ ರೂಪಿಸಿದ "ಬೆಸ್ಟ್‌ಬೆಟ್ಸ್ ಫಾರ್ ವೆಟ್ಸ್" ಮತ್ತು 2016ರಲ್ಲಿ ಶುರುವಾದ "ವೆಟರಿನರಿ ಎವಿಡೆನ್ಸ್" ಪತ್ರಿಕೆ ಇಂಥ ಒಂದೊಂದೇ ಪ್ರಶ್ನೆಗೆ ಸಿಕ್ಕಿದ ಪುರಾವೆಯನ್ನು ಸೋಸಿ ಕೊಡುತ್ತವೆ. ಸಮಯವಿಲ್ಲದ ವೈದ್ಯರು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

## ನೋಡಿ ಬರೆಯುವ ಅಧ್ಯಯನಗಳು

ಒಂದೆರಡು ಪ್ರಾಣಿಗಳ ಪ್ರಕರಣ ವರದಿಗೆ ಏನು ಬೆಲೆ?

ಅದು ಎಚ್ಚರಿಕೆಯ ಗಂಟೆ. ಹೊಸ ರೋಗ, ಹೊಸ ವಿಷ, ಹೊಸ ಅಡ್ಡಪರಿಣಾಮ ಮೊದಲು ಕಾಣುವುದು ಅಲ್ಲೇ. ಕೆಲವೊಮ್ಮೆ ಚಿಕ್ಕ ಸರಣಿಯೇ ಚಿಕಿತ್ಸೆಯನ್ನು ಬದಲಿಸುತ್ತದೆ. 1987ರಲ್ಲಿ, ಮಾರುಕಟ್ಟೆಯ ಆಹಾರ ತಿನ್ನುತ್ತಿದ್ದ 21 ಬೆಕ್ಕುಗಳಲ್ಲಿ ಹೃದಯದ ಸ್ನಾಯು ಸೋತಿರುವುದೂ ರಕ್ತದಲ್ಲಿ ಟಾರಿನ್ ಎಂಬ ಪೋಷಕಾಂಶ ಕಡಿಮೆಯಿರುವುದೂ ಒಟ್ಟಿಗೆ ಕಂಡವು. ಟಾರಿನ್ ಕೊಟ್ಟಾಗ ಹೃದಯ ಮತ್ತೆ ಸರಿಯಾಗಿ ಕೆಲಸ ಮಾಡತೊಡಗಿತು. ತಾನಾಗಿ ಹಿಂದಕ್ಕೆ ಹೋಗದ ರೋಗ ಹೀಗೆ ಹಿಂದಕ್ಕೆ ಹೋದದ್ದರಿಂದ ಹೋಲಿಕೆಯ ಗುಂಪಿಲ್ಲದೆಯೂ ಪುರಾವೆ ಗಟ್ಟಿಯಾಗಿತ್ತು. ಬೆಕ್ಕಿನ ಆಹಾರಕ್ಕೆ ಹೆಚ್ಚು ಟಾರಿನ್ ಸೇರಿಸುವುದು ಅಲ್ಲಿಂದ ರೂಢಿಯಾಯಿತು.

2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೊಟ್ಟ ಎಚ್ಚರಿಕೆಯ ಕಥೆ ಬೇರೆ. ಧಾನ್ಯರಹಿತ ಆಹಾರ ತಿನ್ನುವ ನಾಯಿಗಳಲ್ಲಿ ಹೃದಯ ಹಿಗ್ಗುವ ರೋಗದ ವರದಿಗಳು ಬಂದಿದ್ದವು. ಸುದ್ದಿ ಹರಡಿದ ಮೇಲೆ ಎಲ್ಲರೂ ಅದನ್ನೇ ಹುಡುಕಿ ವರದಿ ಮಾಡತೊಡಗುತ್ತಾರೆ. ಒಟ್ಟು ಎಷ್ಟು ನಾಯಿಗಳು ಆ ಆಹಾರ ತಿನ್ನುತ್ತಿವೆ ಎಂಬ ಛೇದವೇ ಗೊತ್ತಿಲ್ಲದಿರುವಾಗ ವರದಿಗಳ ಸಂಖ್ಯೆಯಿಂದ ಅಪಾಯ ಎಷ್ಟು ಎಂದು ಹೇಳಲಾಗದು. ವರದಿಗಳ ಸಂಖ್ಯೆಯೊಂದರಿಂದಲೇ ಕಾರಣ ಸಾಬೀತಾಗದು ಎಂದು ಎಫ್‌ಡಿಎ ತಾನೇ ಹೇಳಿದೆ.

ಹೆಚ್ಚು ಎತ್ತರದಿಂದ ಬಿದ್ದ ಬೆಕ್ಕಿಗೆ ಗಾಯ ಕಡಿಮೆಯಂತೆ. ಇದು ನಿಜವಾ?

ಇದಕ್ಕೆ ಮೂಲ 1987ರ ಒಂದು ಪ್ರಕರಣ ಸರಣಿ. ಕಟ್ಟಡಗಳಿಂದ ಬಿದ್ದು ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಬಂದ 132 ಬೆಕ್ಕುಗಳಲ್ಲಿ ಚಿಕಿತ್ಸೆ ಪಡೆದವುಗಳ ಪೈಕಿ ಶೇ. 90 ಬದುಕಿದವು. ಏಳು ಮಹಡಿಯವರೆಗೆ ಏರಿದ ಗಾಯದ ಪ್ರಮಾಣ ಅದಕ್ಕಿಂತ ಮೇಲಿನಿಂದ ಬಿದ್ದವುಗಳಲ್ಲಿ ಇಳಿದಂತೆ ಕಂಡಿತು. ಗಾಳಿಯಲ್ಲಿ ಬೆಕ್ಕು ಮೈ ಸಡಿಲಿಸುತ್ತದೆ ಎಂಬ ವಿವರಣೆ ಕೇಳಲು ಚೆಂದ. ಆದರೆ ನೆಲಕ್ಕೆ ಬಿದ್ದಲ್ಲೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ. ಬಿದ್ದ ಬೆಕ್ಕುಗಳೆಷ್ಟು ಎಂದು ಎಣಿಸದೆ, ಬಂದ ಬೆಕ್ಕುಗಳೆಷ್ಟು ಎಂದು ಎಣಿಸಿದ ಲೆಕ್ಕ ಇದು. ಯಾವ ಆಸ್ಪತ್ರೆಯ ಸರಣಿ ಓದಿದರೂ, ಬಾಗಿಲವರೆಗೆ ಬಾರದ ಪ್ರಾಣಿಗಳು ಯಾವುವು ಎಂದು ಕೇಳಿಕೊಳ್ಳಿ.

ಕ್ರಾಸ್-ಸೆಕ್ಷನಲ್ ಅಧ್ಯಯನದಿಂದ ಕಾರಣ ತಿಳಿಯಬಹುದೇ?

ಸಾಮಾನ್ಯವಾಗಿ ಇಲ್ಲ. ಕಿಡ್ನಿ ಆಹಾರ ತಿನ್ನುವ ಬೆಕ್ಕುಗಳ ರಕ್ತ ಪರೀಕ್ಷಿಸಿದರೆ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) ಹೆಚ್ಚೇ ಇರುತ್ತದೆ. ಕಿಡ್ನಿ ಕೆಟ್ಟಿದ್ದರಿಂದ ಆ ಆಹಾರ ಶುರುವಾಯಿತೇ ಹೊರತು ಆಹಾರದಿಂದ ಕಿಡ್ನಿ ಕೆಡಲಿಲ್ಲ. ಯಾವುದು ಮೊದಲು ಎಂದು ಇಂಥ ಅಧ್ಯಯನ ಹೇಳದು. ತಳಿ, ಲಿಂಗದಂತೆ ಹುಟ್ಟಿನಿಂದಲೇ ಇರುವ ಅಂಶಗಳಲ್ಲಿ ಮಾತ್ರ ಈ ಗೊಂದಲ ಇರುವುದಿಲ್ಲ.

ಕೇಸ್-ಕಂಟ್ರೋಲ್, ಕೋಹಾರ್ಟ್ ಎರಡೂ ಒಂದೇ ಅನಿಸುತ್ತದೆ. ವ್ಯತ್ಯಾಸ ಏನು?

ಕೇಸ್-ಕಂಟ್ರೋಲಿನಲ್ಲಿ ರೋಗವಿರುವ 100, ಇಲ್ಲದ 100 ಪ್ರಾಣಿಗಳನ್ನು ಆರಿಸಿ ಹಿಂದಿನದನ್ನು ಕೇಳುತ್ತಾರೆ. ರೋಗವಿರುವವುಗಳಲ್ಲಿ 60ಕ್ಕೆ, ಇಲ್ಲದವುಗಳಲ್ಲಿ 30ಕ್ಕೆ ಕಾರಣವಿರಬಹುದಾದ ಒಂದು ಅಂಶದ ಸಂಪರ್ಕ ಇತ್ತು ಎಂದುಕೊಳ್ಳಿ. 60ನ್ನು 40ರಿಂದ, 30ನ್ನು 70ರಿಂದ ಭಾಗಿಸಿ, ಮೊದಲ ಉತ್ತರವನ್ನು ಎರಡನೆಯದರಿಂದ ಭಾಗಿಸಿದರೆ 3.5. ಇದೇ ಆಡ್ಸ್ ರೇಷಿಯೊ. ರೋಗ ಅಪರೂಪವಾಗಿದ್ದರೆ ಇದನ್ನು "ಸುಮಾರು ಮೂರೂವರೆ ಪಟ್ಟು ಅಪಾಯ" ಎಂದು ಓದಬಹುದು, ಸಾಮಾನ್ಯ ರೋಗವಾದರೆ ಹಾಗೆ ಓದಬಾರದು. ಎಷ್ಟು ಪ್ರಾಣಿಗಳಿಗೆ ರೋಗ ಬರುತ್ತದೆ ಎಂದು ಈ ಬಗೆ ಹೇಳಲಾರದು, ರೋಗಿಗಳ ಸಂಖ್ಯೆಯನ್ನು ಸಂಶೋಧಕರೇ ಆರಿಸಿರುತ್ತಾರಲ್ಲ. ಬೆಕ್ಕುಗಳಲ್ಲಿ ಚುಚ್ಚುಮದ್ದು ಕೊಟ್ಟ ಜಾಗದಲ್ಲಿ ಅಪರೂಪಕ್ಕೆ ಬರುವ ಸಾರ್ಕೋಮಾ ಎಂಬ ಕ್ಯಾನ್ಸರ್ ಗೆಡ್ಡೆಗೂ ಲಸಿಕೆಗೂ ಇರುವ ನಂಟನ್ನು 1990ರ ದಶಕದಲ್ಲಿ ಬಿಡಿಸಲು ನೆರವಾದದ್ದು ಇಂಥ ಹೋಲಿಕೆಗಳೇ.

ಈ ಬಗೆ ಹೆಚ್ಚಾಗಿ ಕೆಡುವುದು ಕಂಟ್ರೋಲ್‌ಗಳ ಆಯ್ಕೆಯಲ್ಲಿ. ರೋಗಿಗಳನ್ನು ದೊಡ್ಡ ರೆಫರಲ್ ಆಸ್ಪತ್ರೆಯಿಂದ, ಆರೋಗ್ಯವಂತರನ್ನು ಸಿಬ್ಬಂದಿಯ ಸಾಕುಪ್ರಾಣಿಗಳಿಂದ ತೆಗೆದರೆ ಆಹಾರ, ಲಸಿಕೆ, ಆರೈಕೆ ಎಲ್ಲವೂ ಬೇರೆಯಾಗಿ, ರೋಗಕ್ಕೆ ಸಂಬಂಧವೇ ಇಲ್ಲದ ಅಂಶ "ಕಾರಣ"ದಂತೆ ಕಾಣುತ್ತದೆ.

ಕೋಹಾರ್ಟಿನಲ್ಲಿ ರೋಗ ಬರುವ ಮೊದಲೇ ಪ್ರಾಣಿಗಳನ್ನು ಸೇರಿಸಿಕೊಂಡು ಕಾಯುತ್ತಾರೆ. ಅಮೆರಿಕದಲ್ಲಿ 2012ರಲ್ಲಿ ಶುರುವಾದ ಗೋಲ್ಡನ್ ರಿಟ್ರೀವರ್ ಜೀವಮಾನ ಅಧ್ಯಯನದಲ್ಲಿ ಮೂರು ಸಾವಿರಕ್ಕೂ ಹೆಚ್ಚು ನಾಯಿಗಳನ್ನು ಚಿಕ್ಕ ವಯಸ್ಸಿನಲ್ಲೇ ಸೇರಿಸಿಕೊಂಡು ಕ್ಯಾನ್ಸರ್ ಮುಂತಾದವುಗಳ ಕಾರಣ ಹುಡುಕುತ್ತಿದ್ದಾರೆ. ಇದಕ್ಕೆ ಹಣ, ತಾಳ್ಮೆ ಎರಡೂ ಬೇಕು. ನಡುವೆ ಕೈಬಿಟ್ಟುಹೋದ ಪ್ರಾಣಿಗಳೆಷ್ಟು ಎಂದು ತಪ್ಪದೆ ನೋಡಿ.

ಸಂತಾನಹರಣ ಮಾಡಿದ ನಾಯಿಗಳು ಹೆಚ್ಚು ಕಾಲ ಬದುಕಿದವು ಎಂದು ಓದಿದೆ. ಹಾಗಾದರೆ ಆಪರೇಷನ್ನೇ ಕಾರಣ ತಾನೇ?

ಇರಬಹುದು, ಆದರೆ ಅಷ್ಟರಿಂದಲೇ ಹಾಗೆನ್ನಲಾಗದು. ಆಪರೇಷನ್ ಮಾಡಿಸುವ ಒಡೆಯರು ಲಸಿಕೆ ಹಾಕಿಸುವ, ನಾಯಿಯನ್ನು ಬೀದಿಗೆ ಬಿಡದ ಒಡೆಯರೂ ಆಗಿರುತ್ತಾರೆ. ಹೀಗೆ ಎರಡೂ ಕಡೆ ಕೈಯಾಡಿಸುವ ಅಂಶಕ್ಕೆ ಕನ್‌ಫೌಂಡರ್ ಎನ್ನುತ್ತಾರೆ. ಇನ್ನೊಂದು ಸೂಕ್ಷ್ಮ ದೋಷವೂ ಇದೆ. ಎರಡನೇ ವರ್ಷದಲ್ಲಿ ಆಪರೇಷನ್ ಆಗಬೇಕಾದರೆ ನಾಯಿ ಎರಡು ವರ್ಷ ಬದುಕಿರಲೇಬೇಕು. ಮರಿಯಾಗಿಯೇ ಸತ್ತವೆಲ್ಲ "ಆಪರೇಷನ್ ಆಗದ" ಗುಂಪಿಗೆ ಬೀಳುತ್ತವೆ, ಹೋಲಿಕೆ ಮೊದಲೇ ವಾಲಿಬಿಡುತ್ತದೆ. ಆಪರೇಷನ್ ಆಗುವವರೆಗಿನ ಕಾಲವನ್ನು "ಆಗದ" ಗುಂಪಿಗೇ ಸೇರಿಸಿ ಲೆಕ್ಕ ಹಾಕಿದ್ದಾರೆಯೇ ಎಂದು ವಿಧಾನದ ಭಾಗದಲ್ಲಿ ನೋಡಿ. ಅದನ್ನು ಬರೆದಿಲ್ಲದಿದ್ದರೆ ಅಂತಹ ಆಯುಸ್ಸಿನ ಲೆಕ್ಕವನ್ನು ನಾವು ನೆಚ್ಚುವುದಿಲ್ಲ.

## ಪ್ರಯೋಗಗಳು

ಚೀಟಿ ಎತ್ತಿ ಚಿಕಿತ್ಸೆ ಹಂಚುವುದರಲ್ಲಿ ಅಂಥ ವಿಶೇಷ ಏನಿದೆ?

ಗೊತ್ತಿರುವ ಕನ್‌ಫೌಂಡರನ್ನು ಲೆಕ್ಕದಿಂದ ಸರಿದೂಗಿಸಬಹುದು, ಗೊತ್ತಿಲ್ಲದ್ದನ್ನು ಸರಿದೂಗಿಸುವುದು ಯಾದೃಚ್ಛಿಕ ಹಂಚಿಕೆ ಮಾತ್ರ. ಆದರೆ ಅದು ನಿಜಕ್ಕೂ ಯಾದೃಚ್ಛಿಕವಾಗಿರಬೇಕು. ಸೋಮವಾರ ಬಂದವಕ್ಕೆ ಒಂದು, ಮಂಗಳವಾರ ಬಂದವಕ್ಕೆ ಇನ್ನೊಂದು ಎಂದರೆ ಆಗದು. ಓಡಿಹೋಗುವ ಕುರಿಗಳಲ್ಲಿ ಕೈಗೆ ಮೊದಲು ಸಿಕ್ಕ ಹತ್ತನ್ನು ಒಂದು ಗುಂಪು ಮಾಡಿದರೆ ನಿಧಾನವಾದವು, ಬಹುಶಃ ಕಾಯಿಲೆಯವು, ಒಂದೇ ಕಡೆ ಸೇರುತ್ತವೆ. ಮುಂದಿನ ಪ್ರಾಣಿ ಯಾವ ಗುಂಪಿಗೆ ಎಂಬುದು ಅದನ್ನು ಸೇರಿಸಿಕೊಳ್ಳುವ ವೈದ್ಯರಿಗೆ ಮೊದಲೇ ತಿಳಿದಿರಬಾರದು. ಯಾವ ಔಷಧ ಎಂದು ಒಡೆಯರಿಗೂ ಅಳೆಯುವವರಿಗೂ ಗೊತ್ತಿರಬಾರದು. ಇದು ಬ್ಲೈಂಡಿಂಗ್.

ಮಾದರಿಯಾಗಿ 2016ರ ಎಪಿಕ್ ಪ್ರಯೋಗವನ್ನು ನೋಡಬಹುದು. ಹೃದಯದ ಮೈಟ್ರಲ್ ಕವಾಟ ಕೆಟ್ಟು ಹೃದಯ ಹಿಗ್ಗಿದ್ದರೂ ಇನ್ನೂ ರೋಗಲಕ್ಷಣ ತೋರದ 360 ನಾಯಿಗಳಿಗೆ ಪಿಮೊಬೆಂಡಾನ್ ಎಂಬ ಹೃದಯದ ಔಷಧ ಅಥವಾ ಪ್ಲಸೀಬೊವನ್ನು ಯಾದೃಚ್ಛಿಕವಾಗಿ ಹಂಚಲಾಯಿತು. ಹೃದಯ ವೈಫಲ್ಯ ಅಥವಾ ಹೃದಯದಿಂದಾದ ಸಾವಿನವರೆಗಿನ ಮಧ್ಯಾಂಕ ಅವಧಿ (ಅರ್ಧದಷ್ಟು ನಾಯಿಗಳು ದಾಟಿದ ಅವಧಿ) ಔಷಧ ಪಡೆದವುಗಳಲ್ಲಿ 1228 ದಿನ, ಪ್ಲಸೀಬೊ ಗುಂಪಿನಲ್ಲಿ 766 ದಿನ. ಹಣ ಕೊಟ್ಟದ್ದು ಔಷಧ ತಯಾರಿಸುವ ಕಂಪನಿ. ಅಷ್ಟಕ್ಕೇ ಫಲಿತಾಂಶವನ್ನು ತಳ್ಳಿಹಾಕಬೇಕಿಲ್ಲ, ಹಂಚಿಕೆಯೂ ಬ್ಲೈಂಡಿಂಗೂ ಬಿಗಿಯಾಗಿದ್ದವೇ ಎಂದು ನೋಡಬೇಕು. ಇನ್ನೊಂದು ಮಾತು: ಹೃದಯ ಹಿಗ್ಗದ ನಾಯಿಗೆ ಈ ಫಲಿತಾಂಶ ಅನ್ವಯಿಸದು. ಆ ನಾಯಿಗಳು ಪ್ರಯೋಗದಲ್ಲೇ ಇರಲಿಲ್ಲ.

"ಬದುಕಿದ ಅವಧಿ" ಲೆಕ್ಕ ಹಾಕುವಾಗ ದಯಾಮರಣ ಪಡೆದ ಪ್ರಾಣಿಗಳನ್ನು ಏನು ಮಾಡುತ್ತಾರೆ?

ಮನುಷ್ಯರ ವೈದ್ಯಶಾಸ್ತ್ರದಿಂದ ಎರವಲು ತಂದ ವಿಧಾನಗಳು ಮುಗ್ಗರಿಸುವುದು ಇಲ್ಲಿ. ಪ್ರಾಣಿಗಳಲ್ಲಿ ಎಷ್ಟೋ ಸಾವುಗಳು ನಿರ್ಧಾರದಿಂದ ಆಗುವಂಥವು, ಆ ನಿರ್ಧಾರದಲ್ಲಿ ರೋಗದ ಜೊತೆಗೆ ಹಣವೂ ವೈದ್ಯರ ಮಾತೂ ಸೇರಿರುತ್ತದೆ. "ಈ ರೋಗಕ್ಕೆ ಉಳಿವಿಲ್ಲ" ಎಂಬ ನಂಬಿಕೆಯಿದ್ದರೆ ಬೇಗ ದಯಾಮರಣ ಕೊಡುತ್ತಾರೆ. ಆ ಸಾವುಗಳು ದಾಖಲೆಗೆ ಹೋಗಿ ಅದೇ ನಂಬಿಕೆಗೆ "ಪುರಾವೆ"ಯಾಗುತ್ತವೆ. ಒಳ್ಳೆಯ ಪ್ರಬಂಧದಲ್ಲಿ ತಾನಾಗಿ ಸತ್ತವು, ರೋಗ ಉಲ್ಬಣಿಸಿ ದಯಾಮರಣ ಪಡೆದವು, ಬೇರೆ ಕಾರಣಕ್ಕೆ ದಯಾಮರಣ ಪಡೆದವು ಎಂದು ಬೇರೆ ಬೇರೆ ಎಣಿಕೆ ಇರುತ್ತದೆ. ಎಲ್ಲವನ್ನೂ "ಸಾವು" ಎಂದು ಒಂದೇ ಬುಟ್ಟಿಗೆ ಹಾಕಿದ್ದರೆ ಮಧ್ಯಾಂಕ ಅವಧಿಯನ್ನು ಒಡೆಯರಿಗೆ ಭವಿಷ್ಯದಂತೆ ಹೇಳಬೇಡಿ.

ಒಂದೇ ನಾಯಿಗೆ ಎರಡೂ ಔಷಧ ಕೊಟ್ಟು ಹೋಲಿಸಬಹುದಲ್ಲ?

ಅದು ಕ್ರಾಸ್‌ಓವರ್ ಪ್ರಯೋಗ. ಪ್ರಾಣಿಯನ್ನು ಅದರೊಂದಿಗೇ ಹೋಲಿಸುವುದರಿಂದ ಕಡಿಮೆ ಸಂಖ್ಯೆ ಸಾಕು. ಆದರೆ ರೋಗ ದೀರ್ಘಕಾಲದ್ದೂ ಸ್ಥಿರವಾದದ್ದೂ ಆಗಿರಬೇಕು, ಮೊದಲ ಔಷಧ ಮೈಯಿಂದ ಪೂರ್ತಿ ಹೋಗುವಷ್ಟು ಬಿಡುವು ನಡುವೆ ಇರಬೇಕು, ಯಾವುದು ಮೊದಲು ಎಂಬುದೂ ಚೀಟಿಯಿಂದಲೇ ನಿರ್ಧಾರವಾಗಬೇಕು. ವಾಸಿಯಾಗಿಬಿಡುವ ರೋಗಕ್ಕೆ ಈ ಬಗೆ ಹೊಂದದು.

500 ಕೋಳಿಗಳ ಪ್ರಯೋಗ ಎಂದರೆ ದೊಡ್ಡದೇ ಅಲ್ಲವೇ?

ಎಷ್ಟು ಕೋಳಿ ಎನ್ನುವುದಕ್ಕಿಂತ ಎಷ್ಟು ಅಂಕಣ (ಕೋಳಿಗಳನ್ನು ಒಟ್ಟಿಗೆ ಕೂಡುವ ಕೋಣೆ) ಎಂದು ಕೇಳಿ. ಒಂದೇ ಅಂಕಣದ ಕೋಳಿಗಳು ಅದೇ ನೀರು ಕುಡಿದು, ಅದೇ ಗಾಳಿ ಉಸಿರಾಡಿ, ಒಂದಕ್ಕೊಂದು ಸೋಂಕು ಹಂಚಿಕೊಳ್ಳುತ್ತವೆ. 50ರಂತೆ 10 ಅಂಕಣ, ಒಂದೇ ಅಂಕಣದ ಕೋಳಿಗಳು ಎಷ್ಟು ಒಂದೇ ತೆರ ಎಂದು ಅಳೆಯುವ ಸಹಗುಣಾಂಕ 0.1 ಎಂದುಕೊಳ್ಳಿ. 50ರಲ್ಲಿ ಒಂದು ಕಳೆದು 0.1ರಿಂದ ಗುಣಿಸಿ ಒಂದು ಕೂಡಿಸಿದರೆ 5.9. 500ನ್ನು ಅದರಿಂದ ಭಾಗಿಸಿದರೆ ನಿಜವಾದ ಮಾಹಿತಿ ಸುಮಾರು 85 ಕೋಳಿಗಳಷ್ಟೇ. ಔಷಧವನ್ನು ನೀರಿನಲ್ಲಿ ಅಂಕಣಕ್ಕೆ ಕೊಟ್ಟು ಲೆಕ್ಕವನ್ನು ಕೋಳಿಗೆ ಹಾಕುವುದು ಪಶುವೈದ್ಯಕೀಯ ಪ್ರಬಂಧಗಳಲ್ಲಿ ನಾವು ಕಾಣುವ ಗಂಭೀರ ತಪ್ಪುಗಳಲ್ಲಿ ಒಂದು. ಒಂದೇ ಸೂಲಿನ ಮರಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಇಪ್ಪತ್ತು ಪ್ರಾಣಿಗಳಲ್ಲಿ "ವ್ಯತ್ಯಾಸ ಕಂಡುಬರಲಿಲ್ಲ" ಎಂದರೆ ಔಷಧ ದಂಡ ಎಂದೇ?

ಅಲ್ಲ. ಗುಣವಾಗುವ ಪ್ರಮಾಣ ಶೇ. 40ರಿಂದ 60ಕ್ಕೆ ಏರುವಂಥ ದೊಡ್ಡ ಪರಿಣಾಮವನ್ನು ಶೇ. 80ರಷ್ಟು ಖಾತ್ರಿಯಾಗಿ ಹಿಡಿಯಲೂ ಪ್ರತಿ ಗುಂಪಿನಲ್ಲಿ ನೂರರ ಹತ್ತಿರ ಪ್ರಾಣಿಗಳು ಬೇಕು. ಹತ್ತು ಹತ್ತರ ಗುಂಪು ಅದನ್ನು ಕಾಣದೇ ಹೋಗುವುದೇ ಹೆಚ್ಚು. ಪಿ-ಮೌಲ್ಯಕ್ಕಿಂತ (ಔಷಧ ಏನೂ ಮಾಡದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ವಿಶ್ವಾಸಾಂತರವನ್ನು (ನಿಜವಾದ ಪರಿಣಾಮ ಇರಬಹುದಾದ ವ್ಯಾಪ್ತಿ) ನೋಡಿ, ಅದರಲ್ಲಿ ಉಪಯುಕ್ತ ಲಾಭವೂ ಒಳಗಿದ್ದರೆ ಪ್ರಶ್ನೆ ಇನ್ನೂ ತೆರೆದೇ ಇದೆ.

ಸುರಕ್ಷತೆಗೂ ಇದೇ ಎಚ್ಚರ ಬೇಕು. 30 ಪ್ರಾಣಿಗಳಲ್ಲಿ ಒಂದಕ್ಕೂ ಅಡ್ಡಪರಿಣಾಮ ಆಗಲಿಲ್ಲ ಎಂದಾಗ "ಮೂರರ ನಿಯಮ"ದಂತೆ 3ನ್ನು ಪ್ರಾಣಿಗಳ ಸಂಖ್ಯೆಯಿಂದ, ಅಂದರೆ 30ರಿಂದ, ಭಾಗಿಸಿ. ನಿಜವಾದ ಅಪಾಯ ಶೇ. 10ರವರೆಗೂ ಇರಬಹುದು ಎಂದಾಯಿತು.

## ಇನ್ನೂ ಆಳಕ್ಕೆ

ಪರೀಕ್ಷೆಯ ನಿಖರತೆ ಶೇ. 95 ಎಂದಿದ್ದಾರೆ. ಪಾಸಿಟಿವ್ ಬಂದರೆ ರೋಗ ಇದೆ ಎಂದೇ ಅಲ್ಲವೇ?

ರೋಗ ಎಷ್ಟು ಹರಡಿದೆ ಎಂಬುದರ ಮೇಲೆ ನಿಂತಿದೆ. ರೋಗವನ್ನು ಹಿಡಿಯುವ ಶಕ್ತಿಯೂ ಆರೋಗ್ಯವಂತರನ್ನು ಬಿಡುವ ಶಕ್ತಿಯೂ ಶೇ. 95 ಎಂದಿಟ್ಟುಕೊಳ್ಳಿ. 10,000 ಹಸುಗಳಲ್ಲಿ ಶೇ. 1ಕ್ಕೆ ರೋಗವಿದ್ದರೆ, 100ರಲ್ಲಿ 95 ಸಿಕ್ಕಿಬೀಳುತ್ತವೆ. ಆರೋಗ್ಯವಂತ 9,900ರಲ್ಲಿ 495 ಕೂಡ ಪಾಸಿಟಿವ್ ಆಗುತ್ತವೆ. ಒಟ್ಟು 590 ಪಾಸಿಟಿವ್‌ಗಳಲ್ಲಿ ನಿಜವಾದವು ಶೇ. 16. ಶೇ. 30ಕ್ಕೆ ರೋಗವಿರುವ ಹಿಂಡಿನಲ್ಲಿ ಅದೇ ಪರೀಕ್ಷೆಯ ಪಾಸಿಟಿವ್ ಸುಮಾರು ಶೇ. 89 ನಿಜ.

ತೀರಾ ಕಾಯಿಲೆಯ ಪ್ರಾಣಿಗಳನ್ನು ಪೂರ್ತಿ ಆರೋಗ್ಯವಂತ ಪ್ರಾಣಿಗಳೊಂದಿಗೆ ಹೋಲಿಸಿ ಪರೀಕ್ಷೆಯನ್ನು ಅಳೆದಿದ್ದರೆ ಅಂಕಿಗಳು ಉಬ್ಬಿರುತ್ತವೆ. ಚಿಕಿತ್ಸಾಲಯದಲ್ಲಿ ಅನುಮಾನ ಬರುವಂಥ ಪ್ರಾಣಿಗಳನ್ನೇ ಸಾಲಾಗಿ ಪರೀಕ್ಷಿಸಿದ ಅಧ್ಯಯನ ಹುಡುಕಿ.

ಮೆಟಾ-ಅನಾಲಿಸಿಸ್ ಬಂದಮೇಲೆ ವಾದ ಮುಗಿದಂತೆಯೇ?

ಮೆಟಾ-ಅನಾಲಿಸಿಸ್ ಎಂದರೆ ಅನೇಕ ಅಧ್ಯಯನಗಳ ಅಂಕಿಗಳನ್ನು ಕೂಡಿಸಿ ಒಂದು ಸರಾಸರಿ ತೆಗೆಯುವುದು. ಒಳಗೆ ಹಾಕಿದ್ದಕ್ಕಿಂತ ಒಳ್ಳೆಯದು ಹೊರಗೆ ಬರದು. ಐದು ದುರ್ಬಲ ಪ್ರಯೋಗಗಳನ್ನು ಕೂಡಿಸಿದರೆ ಖಚಿತವಾಗಿ ಕಾಣುವ ತಪ್ಪು ಉತ್ತರ ಸಿಗಬಹುದು. ಫಲ ಕಾಣದ ಪ್ರಯೋಗಗಳು ಪ್ರಕಟವಾಗದೇ ಉಳಿಯುವುದರಿಂದ ಸರಾಸರಿ ಲಾಭದ ಕಡೆಗೆ ವಾಲುತ್ತದೆ. ಹುಡುಕಿದ ಪದಗಳು, ಕೋಶಗಳು, ದಿನಾಂಕ, ಕೈಬಿಟ್ಟ ಪ್ರಬಂಧಗಳ ಕಾರಣ ಇವೆಲ್ಲ ಬರೆದಿದ್ದರೆ ಅದು ವ್ಯವಸ್ಥಿತ ವಿಮರ್ಶೆ. ಇಲ್ಲದಿದ್ದರೆ ತಜ್ಞರೊಬ್ಬರ ಅಭಿಪ್ರಾಯ, ಎಷ್ಟೇ ಉಲ್ಲೇಖಗಳಿದ್ದರೂ.

ಯಾದೃಚ್ಛಿಕ ಪ್ರಯೋಗವಿಲ್ಲದೆ ಕಾರಣ ಸಾಬೀತು ಮಾಡಲು ಸಾಧ್ಯವೇ ಇಲ್ಲವೇ?

ಸಾಧ್ಯ, ಬೇರೆ ಬೇರೆ ಬಗೆಯ ಪುರಾವೆಗಳು ಒಂದೇ ಕಡೆ ಬೆರಳು ತೋರಿದಾಗ. ದಕ್ಷಿಣ ಏಷ್ಯಾದ ರಣಹದ್ದುಗಳ ನಾಶ ಇದಕ್ಕೆ ನಿದರ್ಶನ. 2004ರಲ್ಲಿ ಪ್ರಕಟವಾದ ಪಾಕಿಸ್ತಾನದ ಅಧ್ಯಯನದಲ್ಲಿ, ಕಿಡ್ನಿ ಕೆಟ್ಟು ಒಳ ಅಂಗಗಳ ಮೇಲೆ ಯೂರಿಕ್ ಆಮ್ಲ ಕೂತು ಸತ್ತಿದ್ದ 25 ಹದ್ದುಗಳನ್ನು ಪರೀಕ್ಷಿಸಿದಾಗ 25ರಲ್ಲೂ ಡೈಕ್ಲೊಫೆನಾಕ್ ಎಂಬ ನೋವುನಿವಾರಕ ಸಿಕ್ಕಿತು. ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. ಔಷಧ ಕೊಟ್ಟ ಜಾನುವಾರುಗಳ ಮಾಂಸ ತಿನ್ನಿಸಿದ ಹದ್ದುಗಳಲ್ಲಿ ಅದೇ ರೋಗ ಕಾಣಿಸಿತು. ಪ್ರಕರಣ, ಹೋಲಿಕೆ, ಪ್ರಯೋಗ ಮೂರೂ ಕೂಡಿಬಂದವು. 2006ರಲ್ಲಿ ಭಾರತ, ಪಾಕಿಸ್ತಾನ, ನೇಪಾಳಗಳು ಪಶುಗಳಿಗೆ ಆ ಔಷಧ ಬಳಸುವುದರ ವಿರುದ್ಧ ಕ್ರಮ ಕೈಗೊಂಡವು.

ಪ್ರಬಂಧ ಓದಲು ಹತ್ತೇ ನಿಮಿಷ ಇದೆ. ಯಾವ ಭಾಗ ಓದಲಿ?

ಸಾರಾಂಶದ ಕೊನೆಯ ಸಾಲನ್ನು ಬಿಡಿ, ವಿಧಾನದ ಭಾಗಕ್ಕೆ ಹೋಗಿ. ಯಾವ ಪ್ರಾಣಿಗಳನ್ನು ಸೇರಿಸಿಕೊಂಡರು, ಯಾವುದನ್ನು ಬಿಟ್ಟರು, ಹಂಚಿಕೆ ಹೇಗೆ, ಅಳೆದವರು ಯಾರು ನೋಡಿ. ಆಮೇಲೆ ಮೊದಲ ಕೋಷ್ಟಕದಲ್ಲಿ ಗುಂಪುಗಳು ಆರಂಭದಲ್ಲಿ ಸರಿಸಮವಿದ್ದವೇ ನೋಡಿ. ಶುರುವಿನಲ್ಲಿದ್ದ ಸಂಖ್ಯೆ ಕೊನೆಯ ಲೆಕ್ಕದಲ್ಲೂ ಇದೆಯೇ ಎಣಿಸಿ. ಮುಖ್ಯ ಫಲಿತಾಂಶ ಯಾವುದೆಂದು ಮೊದಲೇ ಹೇಳಿದ್ದರೇ? ಒಂದಕ್ಕೊಂದು ನಂಟಿಲ್ಲದ ಇಪ್ಪತ್ತು ಅಳತೆಗಳನ್ನು ಶೇ. 5ರ ಮಿತಿಯಲ್ಲಿ ಪರೀಕ್ಷಿಸಿದರೆ, ಔಷಧ ಏನೂ ಮಾಡದಿದ್ದರೂ, ಒಂದಾದರೂ "ಗಮನಾರ್ಹ" ಎನಿಸುವ ಸಾಧ್ಯತೆ ಶೇ. 64. ವರದಿಯಲ್ಲಿ ಏನೇನು ಇರಬೇಕು ಎಂದು ತಿಳಿಯಲು ಸಾಕುಪಶುಗಳ ಪ್ರಯೋಗಗಳಿಗೆ ರಿಫ್ಲೆಕ್ಟ್, ವೀಕ್ಷಣಾ ಅಧ್ಯಯನಗಳಿಗೆ ಸ್ಟ್ರೋಬ್-ವೆಟ್, ಪ್ರಯೋಗಾಲಯದ ಪ್ರಾಣಿಗಳಿಗೆ ಅರೈವ್ ಎಂಬ ಮಾರ್ಗಸೂಚಿಗಳಿವೆ.

ನನ್ನ ರೋಗಿ ಮೊಲ. ಅದರ ಮೇಲೆ ಒಂದೂ ಅಧ್ಯಯನ ಇಲ್ಲ. ನಾಯಿಯದ್ದನ್ನು ಅನ್ವಯಿಸಲೇ?

ಎಚ್ಚರದಿಂದ. ನಾಯಿಗೆ ಹಾಕುವ ಪರ್ಮೆಥ್ರಿನ್ ಎಂಬ ಉಣ್ಣಿ ಕೊಲ್ಲುವ ಔಷಧ ಬೆಕ್ಕಿಗೆ ಪ್ರಾಣಾಂತಿಕ. ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ವಿಷ, ಅದನ್ನು ಕರಗಿಸಿ ಹೊರಹಾಕುವ ಯಕೃತ್ತಿನ ದಾರಿ ಅದರಲ್ಲಿ ದುರ್ಬಲ. ಮೊಲಕ್ಕೆ ಬಾಯಿಯಿಂದ ಕೊಡುವ ಕೆಲವು ಪ್ರತಿಜೀವಕಗಳು ಕರುಳಿನ ಜೀವಾಣುಗಳನ್ನು ಕೆಡಿಸಿ ಕೊಲ್ಲಬಲ್ಲವು. ಮೊದಲು ಆ ಪ್ರಭೇದದಲ್ಲಿ ಔಷಧ ಹೇಗೆ ವರ್ತಿಸುತ್ತದೆ ಎಂಬ ಚಿಕ್ಕ ಅಧ್ಯಯನವಾದರೂ ಇದೆಯೇ, ಅಪಾಯದ ಪ್ರಕರಣ ವರದಿ ಇದೆಯೇ ಹುಡುಕಿ. ಬೇರೆ ದಾರಿಯಿಲ್ಲದೆ ಕೊಡುವುದಾದರೆ ಪುರಾವೆ ತೆಳು ಎಂದು ಒಡೆಯರಿಗೆ ನೇರವಾಗಿ ಹೇಳಿ, ಒಪ್ಪಿಗೆ ಪಡೆಯಿರಿ. ಕೊಡುವ ಮೊದಲು ಅಳೆಯಬಹುದಾದ ಒಂದೆರಡು ಗುರುತು ಆರಿಸಿ: ತೂಕ, ದಿನಕ್ಕೆ ತಿಂದ ಹುಲ್ಲು, ಹಾಕಿದ ಹಿಕ್ಕೆಯ ಎಣಿಕೆ. ಯಾವ ಮಿತಿ ದಾಟಿದರೆ ಔಷಧ ನಿಲ್ಲಿಸಬೇಕು ಎಂಬುದನ್ನೂ ಮೊದಲ ದಿನವೇ ಕಡತದಲ್ಲಿ ಬರೆದಿಡಿ.